ನಕ್ಕರೆ ಅಳಿಸಬೇಕು

ಆಫೀಸಿನಲ್ಲಿ ಇಬ್ಬರೂ ಜೊತೆಗೆ ಕೆಲಸಕ್ಕೆ ಕೂತ ಮೊದಲ ದಿನವೇ ಜಗಳ. ಹಾಸಿಗೆ ಅಂಗಡಿಯೊಂದರ ವೆಬ್‌ಸೈಟಿಗೆ ಅವಳು ಬರೆದುಕೊಟ್ಟ ಚೆಂದದ ಪುಟದಲ್ಲಿ ಅವನು ‘ಬೆನ್ನು ನೋವು ಹಾಸಿಗೆ ಕಡಿಮೆ ಬೆಲೆ’ ಎಂಬುದನ್ನು ಸಿಕ್ಕಸಿಕ್ಕಲ್ಲಿ ತುರುಕಿದ್ದ. ಜನ ಇಂಟರ್ನೆಟ್ಟಿನಲ್ಲಿ ಹುಡುಕುವುದೇ ಹೀಗೆ, ಈ ಕೀವರ್ಡ್‌ಗಳಿದ್ದರೇ ಪುಟ ಅವರ ಕಣ್ಣಿಗೆ ಬೀಳುವುದು ಎಂಬುದು ಅವನ ವಾದ.

“ಹುಡುಕೋದು ಹೀಗೇ ಇರಬಹುದು. ಹೀಗೆ ಮಾತಾಡೋರನ್ನ ಎಲ್ಲಾದ್ರೂ ನೋಡಿದ್ದೀರಾ, ಕೀವರ್ಡ್ ಮಹಾಶಯರೇ?”

ಹೆಸರು ಅಂಟಿಕೊಂಡಿತು. ಒಪ್ಪಂದವೂ ಆಯಿತು: ಪ್ರತಿ ಸಾಲನ್ನೂ ಅವನು ಎದುರು ಕೂತು, ಅವಳಿಗೇ ಹೇಳುವಂತೆ ಓದಬೇಕು. ಅವಳಿಗೆ ನಗು ಬಂದರೆ ಸಾಲು ಸಹಜವಾಗಿಲ್ಲ; ಅಳಿಸಬೇಕು.

ಹೀಗಾಗಿ ಅವನು ದಿನವೂ ಮಧ್ಯಾಹ್ನ ಅವಳ ಕಣ್ಣಲ್ಲಿ ಕಣ್ಣಿಟ್ಟು ನಲ್ಲಿ ರಿಪೇರಿ, ಗೆದ್ದಲು ನಿವಾರಣೆಗಳ ಬಗ್ಗೆ ಮೃದುವಾಗಿ ಮಾತಾಡತೊಡಗಿದ. ಅವಳು ತುಟಿ ಕಚ್ಚಿ ತಡೆದುಕೊಳ್ಳುವಳು. ಮೊದಲು ಸೋಲುವುದು ಎಡಗೆನ್ನೆ. ಆ ಗೆನ್ನೆಗಾಗಿ ಅವನು ಬೇಕೆಂದೇ ಅಡ್ಡಾದಿಡ್ಡಿ ಪದ ಆರಿಸುತ್ತಿದ್ದುದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದವರು ಆಫೀಸಿನಲ್ಲಿ ಯಾರೂ ಇರಲಿಲ್ಲ.

ಒಂದು ಮಧ್ಯಾಹ್ನ ಪುಟ ಮುಗಿದ ಮೇಲೂ ಅವನು ಅದೇ ದನಿಯಲ್ಲಿ, ಪರದೆಯತ್ತ ನೋಡದೆ ಮುಂದುವರಿದ.

“ಅಕ್ಕ ಒಬ್ಬ ಹುಡುಗೀನ ನೋಡಿದ್ದಾಳೆ. ಬೇಡ ಅಂದುಬಿಡ್ಲಾ?”

ಅವಳು ಕಾದು ಕಾದು ಆಸೆ ಬಿಟ್ಟಿದ್ದ ಪ್ರಶ್ನೆ. ಎದೆ ತುಂಬಿ, ನಗು ಬಂದುಬಿಟ್ಟಿತು. ಅವನು ತಲೆಯಾಡಿಸಿ, “ಸರಿ, ಅಳಿಸಿದೆ” ಎಂದು ಎದ್ದುಹೋದ. ಅವನ ‘ಅಳಿಸಿದೆ’ ತಮಾಷೆಯೆಂದುಕೊಂಡು ಅವಳು ಸಂಜೆಯವರೆಗೂ ಒಬ್ಬಳೇ ನಗುತ್ತಿದ್ದಳು. ನಾಳೆ ಮತ್ತೆ ಕೇಳುತ್ತಾನೆ ಎಂದು ಕಾದಳು.

ಅವನು ಕೇಳಲಿಲ್ಲ. ಮುಂದಿನ ವಾರ ಆಫೀಸಿನವರೆಲ್ಲ ಅವನ ಕೈ ಕುಲುಕುತ್ತಿದ್ದರು, ಮದುವೆ ಗೊತ್ತಾಗಿತ್ತು.

ಮೆಟ್ಟಿಲ ಮೇಲೆ ಅವಳು ಅವನನ್ನು ತಡೆದಳು. “ಅವತ್ತು ನಕ್ಕಿದ್ದು ಖುಷಿಗೆ ರೀ.”

ಅವನು ಕೈಯಲ್ಲಿದ್ದ ಹೆಲ್ಮೆಟ್ಟಿನೊಳಗೆ ಏನೋ ಬಿದ್ದಿರುವಂತೆ ನೋಡುತ್ತ ನಿಂತ. “ಇರಬಹುದು ಅಂತ ನನಗೂ ಅನ್ನಿಸಿತ್ತು.”

“ಹಾಗಾದ್ರೆ ಇನ್ನೊಂದ್ಸಲ ಕೇಳ್ಬೇಕಿತ್ತು.”

“ಕೇಳ್ಬೇಕಿತ್ತು. ಇದ್ದ ಧೈರ್ಯ ಒಂದೇ ಸಲಕ್ಕೆ ಖರ್ಚಾಗಿತ್ತು.”

ಅಕ್ಕನಿಗೆ ಮಾತು ಕೊಟ್ಟಾಗಿದೆ, ಆ ಹುಡುಗಿ ಈಗಾಗಲೇ ದಿನವೂ ಫೋನ್ ಮಾಡುತ್ತಾಳೆ, ಪಾಪ, ಒಳ್ಳೆಯವಳು ಎಂದೆಲ್ಲ ತಡವರಿಸಿ ಹೇಳಿದ. ಆ ಹುಡುಗಿಯ ತಪ್ಪೇನಿದೆ ಎಂದು ಇಬ್ಬರೂ ಒಪ್ಪಿದರು. ‘ನೀವಾದರೂ ಬಾಯಿಬಿಡಬಹುದಿತ್ತಲ್ಲ’ ಎಂದು ಅವನು ಅನ್ನಲಿಲ್ಲ. ಅನ್ನಬಹುದಿತ್ತು.

ಕೊನೆಗೆ ಅವಳು “ಒಳ್ಳೇದಾಗ್ಲಿ” ಎಂದಳು. ಲೋಕವೆಲ್ಲ ಬಳಸಿ ಸವೆಸಿದ ಮಾತು. ಅದು ಎಷ್ಟು ಸಹಜವಾಗಿ ಬಂತೆಂದರೆ, ಅವನು ನಂಬಿಬಿಟ್ಟ.