ಮೊದಲು ಗಾಳಿ, ಆಮೇಲೆ ನೀರು

2025ರ ಮಾರ್ಚ್ 16, ಭಾನುವಾರ. ಮಧ್ಯಾಹ್ನ 1 ಗಂಟೆ 50 ನಿಮಿಷಕ್ಕೆ ತೆಲಸಂಗದ ದ್ರಾಕ್ಷಿ ಬೆಳೆಗಾರ ತವನಪ್ಪ ಐಗಳಿ ಊರಿನ ಪೊಲೀಸ್ ಠಾಣೆಗೆ ಬಂದರು. ಜೊತೆಗೆ ಸೊಸೆ ರೂಪಾಲಿ ಇದ್ದಳು. ಅವಳು ಅಥಣಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಮಾವನ ಮುಖದಲ್ಲಿ ಸಿಟ್ಟಿತ್ತು. ಸೊಸೆಯ ಮುಖದಲ್ಲಿದ್ದದ್ದು ಭಯ ಎಂಬುದನ್ನು ಪಿಎಸ್‌ಐ ಸೌಂದರ್ಯಾ ಮೊದಲ ನೋಟಕ್ಕೇ ಗುರುತಿಸಿದರು.

"ಏನ್ ಕಳುವಾಗೈತ್ರಿ?"

"ಸಿಲಿಂಡರ್ ರೀ ಮೇಡಂ. ನನ್ನ ಎದಿಮಟಾ ಬರೂದು. ಮುಂಜಾನೆ ಹನ್ನೊಂದಕ್ಕ ನಾವೆಲ್ಲಾ ಮನೂಕದ ಶೆಡ್ಡಿಗೆ ಹೋಗಿದ್ವಿ, ದ್ರಾಕ್ಷಿ ಒಣಗ್ಸಾಕ. ಒಂದಕ್ಕ ಬಂದು ನೋಡಿದ್ರ ಇಲ್ಲ."

"ಅಡಗಿ ಗ್ಯಾಸಿಂದೇನು?"

"ಅಲ್ರಿ, ಹೈಡ್ರೋಜನ್," ಎಂದಳು ರೂಪಾಲಿ. "ನಮ್ಮನಿಗೆ ಹೊರಗಿನ ಕರೆಂಟ್ ಇಲ್ಲ. ಹಗಲ ಸೋಲಾರ್‌ದಾಗ ಉಳಿದ ಕರೆಂಟಿನಿಂದ ನೀರು ಒಡದು ಈ ಗ್ಯಾಸ್ ತುಂಬಿಡ್ತೀವಿ. ಹೊತ್ತು ಮುಳುಗಿದ ಮ್ಯಾಲ ಒಂದು ಯಂತ್ರ ಅದನ್ನ ತಿರುಗಿ ಕರೆಂಟ್ ಮಾಡ್ತೈತಿ."

ಹೆಡ್ ಕಾನ್‌ಸ್ಟೇಬಲ್ ವಿರುಪಾಕ್ಷಪ್ಪ ಬರೆಯುತ್ತಿದ್ದವರು ತಲೆ ಎತ್ತಿದರು. "ಜೈನ ಮಂದಿ ನೀವು, ಹೊತ್ತು ಮುಳುಗೂದ್ರಾಗ ಉಂಡು ಮುಗಸ್ತೀರಿ. ಆಮ್ಯಾಲ ದೀಪ ಯಾಕ ಬೇಕ್ರಿ ತವನಪ್ಪಾರ?"

"ಉಣ್ಣೂದು ಬಿಟ್ಟೇವ್ರಿ ಹವಾಲ್ದಾರ್ರ, ಓದೂದು ಬಿಟ್ಟಿಲ್ಲ."

ರೂಪಾಲಿ ನಗಲಿಲ್ಲ. "ಮೇಡಂ, ವಸ್ತುವಿನ ಚಿಂತಿ ಇಲ್ಲ ನನಗ. ಒಯ್ದಾಂವ ಮುಚ್ಚಿದ ಖೋಲಿಯೊಳಗ ಅದರ ವಾಲ್ವ್ ತಗದ್ರ ಒಂದು ಕಿಡಿ ಸಾಕು. ಈ ಗ್ಯಾಸಿಗೆ ವಾಸನಿ ಇಲ್ಲ, ಬಣ್ಣ ಇಲ್ಲ. ಸುತ್ತ ತುಂಬೈತಿ ಅನ್ನೂದ ಅವಂಗ ಗೊತ್ತಾಗೂದಿಲ್ಲ."

ತವನಪ್ಪನವರ ಸಿಟ್ಟು ಇಳಿದದ್ದು ಆಗ. "ಕಳ್ಳನ ಜೀವಾನೂ ಜೀವಾನ ಅಲ್ಲೇನ್ರಿ. ಲಗೂನ ನಡೀರಿ."

2 ಗಂಟೆ 5 ನಿಮಿಷಕ್ಕೆ ಭಾರತೀಯ ನ್ಯಾಯ ಸಂಹಿತೆಯ ಕಲಂ 303(2)ರಡಿ ಎಫ್‌ಐಆರ್ ದಾಖಲಾಯಿತು. ಜೀಪು ತೆಲಸಂಗದ ತೋಟ ಮುಟ್ಟಿದಾಗ 2 ಗಂಟೆ 35 ನಿಮಿಷ.

ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ಶುರುವಾಯಿತು. ಮನೆಯ ಹಿಂದೆ ನಾಲ್ಕೂ ಕಡೆ ಜಾಲರಿ ಇದ್ದ ಚಪ್ಪರ. ಅದರಡಿ ಎರಡು ಸಿಲಿಂಡರ್‌ಗಳು ನಿಂತಿದ್ದವು, ಮೂರನೆಯದರ ಜಾಗ ಖಾಲಿ. ಉಳಿದ ಎರಡರ ಮೇಲೂ ಕೆಂಪು ಬಣ್ಣದಲ್ಲಿ ದುಂಡಗೆ 'ಜಲಜನಕ' ಎಂದು ಬರೆದಿತ್ತು. ನೋಡಲು ಬರುವ ಊರವರಿಗೆ ತಿಳಿಯಲೆಂದು ಇಂಗ್ಲಿಷ್ ಬಿಟ್ಟು ಕನ್ನಡದಲ್ಲಿ ಬರೆದದ್ದು ತಾನೇ ಎಂದು ರೂಪಾಲಿ ಹೇಳಿದಳು.

ಸೌಂದರ್ಯಾ ಮೊಣಕಾಲೂರಿ ಕುಳಿತು, ಬಿಚ್ಚಿ ಬಿಟ್ಟಿದ್ದ ನಟ್ಟನ್ನು ನೋಡಿದರು. ನಟ್ಟು ತಿರುವುವ ಪಾನಾದ ಹಲ್ಲು ಕೂತ ಗುರುತುಗಳಿದ್ದವು. ಮೂಲೆಗಳು ಒಂದೇ ಕಡೆಗೆ ಸವೆದಿದ್ದವು.

"ಇದು ಬಿಚ್ಚೂದು ಯಾವ ಕಡೆ?"

"ಬಲಕ್ಕ ರೀ," ಎಂದಳು ರೂಪಾಲಿ. "ಉರಿಯೋ ಗ್ಯಾಸಿನ ನಟ್ಟಿಗೆ ಆಟಿ, ಅಂದ್ರ ಒಳಗಿನ ಸುತ್ತು, ಉಲ್ಟಾ ಇರ್ತೈತಿ."

"ಅಂದ್ರ ಇಂವ ಮೊದಲ ಎಡಕ್ಕ ತಿರುವ್ಯಾನ. ಬಿಗಿ ಆಗೈತಿ, ಜೋರ್ ಮಾಡ್ಯಾನ, ನಟ್ಟು ಸವದೈತಿ. ಆಮ್ಯಾಲ ಬಲಕ್ಕ ತಿರುವ್ಯಾನ. ವೆಲ್ಡಿಂಗ್‌ನಾವ ಆಗಿದ್ರ ಈ ತಪ್ಪು ಮಾಡ್ತಿರ್ಲಿಲ್ಲ."

ಕೆಳಗೆ ಮಣ್ಣಲ್ಲಿ ಬೆರಳುದ್ದದ ಸುತಳಿ ಎಳೆ ಬಿದ್ದಿತ್ತು, ಬಿಳಿ ಬಣ್ಣ ಮೆತ್ತಿಕೊಂಡು ಅಂಟಾಗಿತ್ತು. ವಿರುಪಾಕ್ಷಪ್ಪ ಅದನ್ನು ಮೂಸಿ ನೋಡಿದರು.

"ಸಫೇದ ರೀ ಮೇಡಂ. ನೀರಿನ ಪೈಪಿನ ಜೋಡು ಸೋರಬಾರ್ದಂತ ಸುತಳಿಗೆ ಹಚ್ಚಿ ಸುತ್ತತಾರ. ಈಗೆಲ್ಲಾರೂ ಬಿಳಿ ಟೇಪಿಗೆ ಹೋಗ್ಯಾರ. ಸುತಳಿ ಬಿಡದಾಂವ ಒಬ್ಬನ ಉಳದಾನ. ಹಳ್ಳದ ವಸ್ತಿ ವಾಟರ್‌ಮನ್, ಸಿದ್ದಲಿಂಗ."

"ಸಿದ್ದಲಿಂಗ?" ತವನಪ್ಪ ಬೆರಗಾದರು. "ಮೊನ್ನಿ ಸಂಜಿಮುಂದ ಬಂದಿದ್ನಲ್ರಿ. ಯಂತ್ರದ ಕೊಳವಿಯಿಂದ ಕೊಡದಾಗ ನೀರ ಬೀಳೂದು ನೋಡಕೋತ ಸುಮ್ನ ನಿಂತಿದ್ದ."

ರೂಪಾಲಿ ಯಂತ್ರದ ಕೊಳವೆಯ ಕಡೆ ತಿರುಗಿದಳು. ಗ್ಯಾಸು ಕರೆಂಟಾಗುವಾಗ ಹನಿಹನಿಯಾಗಿ ನೀರೂ ಹುಟ್ಟುತ್ತದೆ. ಇಡೀ ಇರುಳಿಗೆ ನಾಲ್ಕು ಲೀಟರ್. "ಈ ನೀರ ಎಲ್ಲಿಂದ ಬರ್ತಾವ್ರಿ ಅಕ್ಕಾರ ಅಂತ ಕೇಳ್ದ. ನಾ ಸಿಲಿಂಡರ್ ತೋರ್ಸಿ, ಜಲಜನಕದಿಂದ ಅಂದೆ." ಅವಳು ಕೆಂಪು ಅಕ್ಷರಗಳನ್ನು ಈಗಷ್ಟೇ ನೋಡುವವಳಂತೆ ನೋಡಿದಳು. "ಜಲ... ಜನಕ. ನೀರು ಹುಟ್ಟಸೂದು."

ಕಾನ್‌ಸ್ಟೇಬಲ್ ದುಂಡೇಶ ಆ ವಸ್ತಿಯ ಕಡೆಯವನೇ. "ಅಲ್ಲಿ ಟಿಸಿ, ಅದ ಟ್ರಾನ್ಸ್‌ಫಾರ್ಮರ್, ಸುಟ್ಟು ಹನ್ನೊಂದು ದಿನಾತ್ರಿ. ಬೋರಿನ್ಯಾಗ ನೀರದಾವ, ಎತ್ತಾಕ ಕರೆಂಟಿಲ್ಲ. ಇವತ್ತ ಹೊಸಾ ಟಿಸಿ ಕುಂಡ್ರಸಾಕತ್ತಾರ. ನಾಕಕ್ಕ ಕರೆಂಟ್ ಬಿಡ್ತಾರಂತ."

"ಅಂವ ಅದನ್ನ ಪೈಪಿಗೆ ಜೋಡಸಾಕ ಪಂಪ್‌ಹೌಸಿಗೆ ಒಯ್ದಿರ್ತಾನ. ಅಲ್ಲಿ ಆಟೋ ಸ್ಟಾರ್ಟರ್ ಐತೇನು?" ರೂಪಾಲಿ ಕೇಳಿದಳು.

"ಐತ್ರಿ. ಕರೆಂಟ್ ಬಂದ ಕೂಡ್ಲೆ ತಾನಾ ಬಡಕೋತೈತಿ. ಕಿಡಿ ಹಾರ್ತೈತಿ ಒಮ್ಮೊಮ್ಮೆ."

ಗಡಿಯಾರದಲ್ಲಿ 3 ಗಂಟೆ 14 ನಿಮಿಷ. ಲೈನ್‌ಮನ್‌ನ ನಂಬರಿಗೆ ದುಂಡೇಶ ಫೋನ್ ಮಾಡಿದ, ಯಾರೂ ಎತ್ತಲಿಲ್ಲ. ಪಂಚನಾಮೆಗೆ ಪಂಚರ ಸಹಿ ಹಾಕಿಸಿದ್ದು ಜೀಪಿನ ಬಾನೆಟ್ ಮೇಲೆ.

ಹಳ್ಳದ ವಸ್ತಿಗೆ ಸುತ್ತು ಹಾಕಿ ಹೋಗುವ ಕಚ್ಚಾ ರಸ್ತೆ. 3 ಗಂಟೆ 41 ನಿಮಿಷಕ್ಕೆ ಪಂಪ್‌ಹೌಸ್ ಕಣ್ಣಿಗೆ ಬಿತ್ತು. ಸೌಂದರ್ಯಾ ಜೀಪನ್ನು ದೂರದಲ್ಲೇ ನಿಲ್ಲಿಸಿ, ಎಲ್ಲರ ಮೊಬೈಲ್ ಸೀಟಿನ ಮೇಲೆ ಬಿಡಿಸಿದರು. ಕರೆಂಟ್ ಬಿಡದಂತೆ ತಡೆಯಲು ದುಂಡೇಶ ಟಿಸಿ ಕಂಬದ ಕಡೆ ಓಡಿದ.

ಪಂಪ್‌ಹೌಸಿನ ಮುಂದಿನ ನಳದ ಎದುರು ಕೊಡಗಳ ಸಾಲಿತ್ತು. ಹತ್ತೆಂಟು ಹೆಂಗಸರು. ಹಿರಿಯಳಾದ ಸತ್ತೆವ್ವ ಮುಚ್ಚಿದ ಬಾಗಿಲಿಗೆ ಕೇಳುವಂತೆ ಅನ್ನುತ್ತಿದ್ದಳು. "ಏ ಸಿದ್ಯಾ, ಇವತ್ತರ ಬಿಡ್ತಿಯೋ ಇಲ್ಲೊ? ಕೊಡಾ ಸಾಲಿಗಿಟ್ಟು ಹನ್ನೊಂದು ದಿನಾತು, ಅದರಾಗ ಜ್ವಾಳಾ ತುಂಬಿಡಾಕ ನಿಂತೇನಿ!"

ಹೆಂಗಸರು ನಕ್ಕರು. ಒಳಗಿನಿಂದ ಉತ್ತರ ಬಂತು. "ತಡೀ ಬೇ ಆಯಿ. ಪೈಪಿನ್ಯಾಗ ಗಾಳಿ ಹೊಕ್ಕೈತಿ. ಮೊದಲ ಗಾಳಿ ಹೋಗಬೇಕು, ಆಮ್ಯಾಲ ನೀರ ಬರ್ತಾವ."

ರೂಪಾಲಿ ಸೌಂದರ್ಯಾರ ತೋಳು ಹಿಡಿದಳು. ಒಳಗೆ ಸಿದ್ದಲಿಂಗ ಸಿಲಿಂಡರನ್ನು ಪೈಪಿಗೆ ಜೋಡಿಸಿ ವಾಲ್ವ್ ತೆರೆದಾಗಿತ್ತು. ಜೋಡಿನಿಂದ ಸೋರುವ ಗ್ಯಾಸಿನ ಸುಸ್ಸೆಂಬ ಸದ್ದನ್ನು ಪೈಪಿನೊಳಗಿನ ಗಾಳಿ ಎಂದುಕೊಂಡು, ಅದು ಮುಗಿಯಲೆಂದು ಕಾಯುತ್ತಿದ್ದ. ನೀರು ಬಿಡುವ ಕೆಲಸದಲ್ಲಿ ಹತ್ತೊಂಬತ್ತು ವರ್ಷ ಕಳೆದವನಿಗೆ ಅದು ದಿನದ ಅನುಭವ.

"ಎಲ್ಲಾರೂ ಆ ಜಾಲಿಗಿಡದ ಆಚೆ ಹೋಗ್ರಿ. ಕೊಡಾ ಇಲ್ಲೇ ಇರ್ಲಿ," ಎಂದರು ಸೌಂದರ್ಯಾ. ವಿರುಪಾಕ್ಷಪ್ಪ ಹೆಂಗಸರನ್ನು ಸರಿಸಿದರು. ಸೌಂದರ್ಯಾ ಬಾಗಿಲಿಗೆ ಹೋಗಿ ತಗ್ಗಿದ ದನಿಯಲ್ಲಿ ಮಾತಾಡಿದರು. "ಸಿದ್ದಲಿಂಗ, ಪೊಲೀಸ್. ಬೀಡಿ ಹಚ್ಚೀಯೇನು?"

"ಇಲ್ರಿ. ನಾ ಸೇದೂದಿಲ್ಲ."

"ಯಾವ ಬಟನ್ನೂ ಮುಟ್ಟಬ್ಯಾಡ. ಮೆಲ್ಲಕ ಬಾಗಿಲ ತಗಿ, ಹೊರಗ ಬಾ."

"ಇನ್ನೊಂದೀಟ ತಡದ್ರ ನೀರ..."

"ಅದರಾಗ ನೀರಿಲ್ಲಪ್ಪಾ. ಬಾ."

ಬಾಗಿಲು ತೆರೆಯಿತು. ಐವತ್ತರ ಆಸುಪಾಸಿನ ಸಣಕಲು ಮನುಷ್ಯ, ಬೆರಳ ತುಂಬ ಸಫೇದ. ಉಸಿರು ಬಿಗಿಹಿಡಿದು ಒಳಗೆ ಹೋದ ರೂಪಾಲಿ ವಾಲ್ವ್ ಮುಚ್ಚಿ, ಮೇಲಿನ ಕಿಟಕಿ ತೆರೆದು ಬಂದಳು. ಕಂಬದ ಕಡೆಯಿಂದ ದುಂಡೇಶ ಎರಡೂ ಕೈ ಎತ್ತಿ ಬೀಸಿದ. ಕರೆಂಟ್ ಬಿಡುವುದನ್ನು ಅವನು ತಡೆದಿದ್ದ. ಆಗ 3 ಗಂಟೆ 49 ನಿಮಿಷ. ಲೈನ್‌ಮನ್ ಕೆಲಸ ಬೇಗ ಮುಗಿಸಿ, ಹಿಡಿಕೆಯ ಮೇಲೆ ಕೈ ಇಟ್ಟಿದ್ದನೆಂದು ಆಮೇಲೆ ತಿಳಿಯಿತು.

ಜೀಪಿನ ನೆರಳಲ್ಲಿ ವಿಚಾರಣೆ ನಡೆಯಿತು.

"ಯಾಕ ಒಯ್ದಿ?"

"ನೀರಿಗೆ ರೀ."

"ಕೇಳಿದ್ರ ಅವ್ರು ಕೊಡ್ತಿರ್ಲಿಲ್ಲೇನು?"

"ಹನ್ನೊಂದು ದಿನಾ ಎಲ್ಲಾರಿಗೂ ಕೇಳೀನ್ರಿ. ನಾಳೆ ಅಂತಾರ, ನಾಡದ ಅಂತಾರ. ಇವತ್ತ ನಾಕಕ್ಕ ಅಂದಿದ್ದೂ ನಂಬಲಿಲ್ರಿ. ಕೇಳಿ ಕೇಳಿ ಸಾಕಾಗಿತ್ತು." ಅವನು ತವನಪ್ಪನವರ ಕಡೆ ನೋಡಲಿಲ್ಲ. "ಮೂರರಾಗ ಒಂದ ಒಯ್ದೀನ್ರಿ. ಅವರ ಮನಿಗೂ ನೀರ ಬೇಕಲ್ರಿ."

ಬರೆಯುತ್ತಿದ್ದ ವಿರುಪಾಕ್ಷಪ್ಪನವರ ಪೆನ್ನು ನಿಂತಿತು. ಹಾಳೆಯಲ್ಲಿ ಆ ಮಾತನ್ನು ಅವನು ಹೇಳಿದಂತೆಯೇ ಬರೆಯಿರಿ ಎಂದು ಸೌಂದರ್ಯಾ ಸೂಚಿಸಿದರು. ಸಿಲಿಂಡರ್, ಅದನ್ನು ತಂದ ಕೈಗಾಡಿ, ಪಾನಾ, ಸುತಳಿ ಉಂಡೆ ಜಪ್ತಾದವು. 4 ಗಂಟೆ 30 ನಿಮಿಷಕ್ಕೆ ಸಿದ್ದಲಿಂಗನನ್ನು ಬಂಧಿಸಲಾಯಿತು.

ಇನ್ನು ಅಪಾಯವಿಲ್ಲ ಎಂದು ರೂಪಾಲಿ ಹೇಳಿದ ಮೇಲೆ 4 ಗಂಟೆ 50 ನಿಮಿಷಕ್ಕೆ ಕರೆಂಟ್ ಬಿಟ್ಟರು. ಸ್ಟಾರ್ಟರ್ ಬಡಿಯಿತು. ಆ ಸದ್ದಿಗೆ ಜೀಪಿನಲ್ಲಿದ್ದ ಸಿದ್ದಲಿಂಗ ಬೆಚ್ಚಿದ. ಒಂದು ಕಿಡಿಗೆ ಹೊತ್ತಿಕೊಳ್ಳುವ ಗ್ಯಾಸಿನ ನಡುವೆ ಕುಳಿತಿದ್ದಿ ಎಂದು ರೂಪಾಲಿ ಹೇಳಿದ್ದು ಅವನಿಗೆ ಅರ್ಥವಾದದ್ದು ಆಗ. ಸತ್ತೆವ್ವ ಮೊದಲ ತಂಬಿಗೆ ನೀರನ್ನು ತಂದು ಜೀಪಿನ ಕಿಟಕಿಯಲ್ಲಿ ಹಿಡಿದಳು. "ಕುಡಿ, ಖೋಡಿ. ಸಾಯಾಕ ಹೊಂಟಿದ್ದೆಲ್ಲೊ."

ಮರುದಿನ ಅಥಣಿ ನ್ಯಾಯಾಲಯದಲ್ಲಿ ಜಾಮೀನಿಗೆ ತಕರಾರಿಲ್ಲ ಎಂದು ತವನಪ್ಪ ಬರೆದುಕೊಟ್ಟರು. ಸಿದ್ದಲಿಂಗನಿಗೆ ಜಾಮೀನು ಸಿಕ್ಕಿತು, ಪ್ರಕರಣ ವಿಚಾರಣೆಯಲ್ಲಿದೆ. ರೂಪಾಲಿ ಸಿಲಿಂಡರ್‌ಗಳ ಮೇಲಿನ ಹೆಸರು ಅಳಿಸಿ, 'ಉರಿಯುವ ಗಾಳಿ. ನೀರಲ್ಲ. ಬೆಂಕಿ ದೂರವಿರಲಿ' ಎಂದು ಬರೆದಳು. ಆಮೇಲೆ ಪಂಚಾಯತಿಗೊಂದು ಅರ್ಜಿ ಕೊಟ್ಟಳು. ವಸ್ತಿಯ ಪಂಪು ಎರಡು ಎಚ್‌ಪಿಯದು, ಟಿಸಿ ಕೆಟ್ಟ ದಿನ ಅಷ್ಟು ಕರೆಂಟನ್ನು ತಮ್ಮ ಮನೆಯ ಯಂತ್ರ ಕೊಡಬಲ್ಲದು, ಹೊಲದ ನಡುವೆ ಹಾಯ್ದರೆ ವಸ್ತಿ ಹತ್ತಿರ, ನೇರ ತಂತಿ ಎಳೆಯಲು ಅನುಮತಿ ಬೇಕು.

ಅನುಮತಿ ಸಿಕ್ಕಿ, ಏಪ್ರಿಲ್ 20ರ ಮುಂಜಾನೆ ಪರೀಕ್ಷೆ ನಡೆಯಿತು. ಸೌಂದರ್ಯಾ ಬೇರೆ ಕೆಲಸದ ನೆಪ ಹೇಳಿ ಆ ಕಡೆ ಬಂದಿದ್ದರು. ಹಿಂದಿನ ದಿನದ ಬಿಸಿಲಿನಲ್ಲಿ ತುಂಬಿಟ್ಟ ಗಾಳಿ ಕರೆಂಟಾಗಿ ತಂತಿಯಲ್ಲಿ ಬಂತು, ಪಂಪು ತಿರುಗಿತು. ಸಿದ್ದಲಿಂಗ ನಳ ತಿರುವಿದ. ನಳ ಬುಸುಗುಟ್ಟಿ ಕೆಮ್ಮಿತು. ಅವನು ರೂಪಾಲಿಯ ಮುಖ ನೋಡಿದ.

"ಇದು ಬರೇ ಗಾಳಿ ಹೌದಿಲ್ರಿ ಅಕ್ಕಾರ?"

"ಇದು ಬರೇ ಗಾಳಿ. ಇನ್ನೊಂದೀಟ ತಡೀ."

ಅಷ್ಟರಲ್ಲಿ ಸತ್ತೆವ್ವನ ಕೊಡದೊಳಗೆ ನೀರು ಬಿದ್ದ ಸದ್ದಾಯಿತು.