ಜನಾಜಾ ಲಿಂಕ್

ಟಿಕ್.

ನನ್ನ ಬೆನ್ನ ಹಿಂದೆ ಬೀಗ ಬಿದ್ದ ಸದ್ದು. ಅಷ್ಟು ಸಣ್ಣ ಸದ್ದು ಶಿವಾಜಿನಗರದಲ್ಲಿ ಕೇಳಿಸುವುದು ಶುಕ್ರವಾರ ಮಧ್ಯಾಹ್ನ ಮಾತ್ರ. ಗಲ್ಲಿಯ ಗಂಡಸರೆಲ್ಲ ಜುಮ್ಮಾ ನಮಾಜಿಗೆ ಹೋಗಿದ್ದರು. ಶಟರುಗಳು ಇಳಿದಿದ್ದವು.

ಕಿರುಚಿದರೆ ಕೇಳಲು ಯಾರೂ ಇರಲಿಲ್ಲ!

"ಕಗ್ಗದಾಸಪುರದ ಹಂಸಕ್ಕ ಅಲ್ವಾ?" ಎಂದ ಮೊಬೈಲ್ ರಿಪೇರಿಯ ಗಯಾಜ್. "ಸ್ಟೇಷನ್‌ಗೆ ಹೋಗೋಕೆ ಹೆದರೋರೆಲ್ಲ ನಿಮ್ಮ ಹತ್ರ ಬರ್ತಾರಂತೆ."

ಅವನ ಕೈಯಲ್ಲಿ ಬೆಸುಗೆ ಕರಗಿಸುವ ಬಿಸಿಗಾಳಿಯ ಗನ್ ಇತ್ತು. ಮೂತಿ ನನ್ನ ಕೆನ್ನೆಯ ಕಡೆಗೆ.

"ವಾಜಿದಾ ಫೋಟೊ ಕೊಡು," ಎಂದೆ.

"ಒಡವೆ ತಂದ್ರಾ?"

"ಇಲ್ಲ."

"ಹಂಗಾದ್ರೆ ನಮಾಜ್ ಮುಗಿದ ತಕ್ಷಣ ಜಮಾತ್ ಗ್ರೂಪ್‌ಗೆ ಹಾಕ್ತೀನಿ. ಸಂಜೆ ನಿಕಾಹ್... ಮದುಮಗಳ ಫೋಟೊ ಎಲ್ರೂ ನೋಡ್ಲಿ!"

ವಾಜಿದಾ ಲಿಂಗರಾಜಪುರದವಳು. ನರ್ಸರಿ ಟೀಚರ್. ಆ ಫೋಟೊಗಳಲ್ಲಿ ಅವಳ ಕೈ ಹಿಡಿದಿದ್ದವನು ವರನಲ್ಲ, ತೌಹೀದ್. ಕೆ.ಆರ್. ಪುರದ ತೂಗುಸೇತುವೆಯ ಹತ್ತಿರ, ಕೆಲವು ತಿಂಗಳ ಹಿಂದೆ, ಲಾರಿಗೆ ಸಿಕ್ಕಿ ಸತ್ತ. ಅವರಿಬ್ಬರ ವಿಷಯ ಯಾರಿಗೂ ಗೊತ್ತಿರಲಿಲ್ಲ. ಆದ್ದರಿಂದ ಅವಳು ಯಾರ ಎದುರೂ ಅಳಲಿಲ್ಲ.

ಅವನು ಸತ್ತ ದಿನ ಮಸೀದಿಯವರ ಜಮಾತ್ ಗ್ರೂಪಿಗೆ ಒಂದು ಲಿಂಕ್ ಬಂತು. 'ತೌಹೀದ್ ಜನಾಜಾ', ಅಂದರೆ ಅವನ ಶವಸಂಸ್ಕಾರ. ಸಾವಿನ ಸುದ್ದಿಯ ಲಿಂಕನ್ನು ಯಾರು ತಾನೇ ಅನುಮಾನಿಸುತ್ತಾರೆ? ಮೊದಲಿಗೆ ಕಾಣುವುದು ಜಮಾತ್ ವೆಬ್‌ಸೈಟಿನ ಹೆಸರೇ. ಆದರೆ ಆ ಹೆಸರಿನ ನಂತರ ಒಂದು ಓರೆಗೀಟು, ಅಂದರೆ ಸ್ಲ್ಯಾಷ್, ಇರಬೇಕಾದ ಕಡೆ ಎರಡು ಇದ್ದವು. ಅದರಾಚೆ ಬೇರೊಬ್ಬರ ವಿಳಾಸ.

ಜಮಾತ್‌ನದು ಹಳೆಯ ಸರ್ವರ್. ಆ ಎರಡು ಗೀಟು ಕಂಡರೆ ಮೋಸಹೋಗಿ, ಬಂದವರನ್ನು ಆಚೆಯ ವಿಳಾಸಕ್ಕೇ ಕಳಿಸಿಬಿಡುತ್ತದೆ. ನಮ್ಮ ಮನೆಯ ಕಾವಲುಗಾರನೇ ನಮ್ಮ ಕೈಹಿಡಿದು ಕಳ್ಳನ ಮನೆಗೆ ಬಿಟ್ಟುಬಂದ ಹಾಗೆ!

ಕಳ್ಳನ ಪುಟದಲ್ಲೂ ಜಮಾತ್‌ನದೇ ಬಣ್ಣ, ಅದೇ ಅಕ್ಷರ. 'ಜನಾಜಾ ಲೈವ್ ನೋಡಲು ಇಮೇಲ್, ಪಾಸ್‌ವರ್ಡ್ ಕೊಡಿ.'

ಹೆಂಗಸರು ಖಬರಸ್ತಾನಕ್ಕೆ ಹೋಗುವ ರೂಢಿಯಿಲ್ಲ. ವಾಜಿದಾ ಕೊಟ್ಟಳು. ಆ ಅಕೌಂಟಿನಲ್ಲಿ ಉಳಿಸಿದ್ದ ಫೋಟೊಗಳೆಲ್ಲ ಕಳ್ಳನ ಕೈಸೇರಿದವು.

ಆ ಪುಟದ ವಿಳಾಸ ಕೊಳ್ಳುವಾಗ ಗಯಾಜ್ ತನ್ನ ಅಂಗಡಿಯ ನಂಬರನ್ನೇ ಬರೆದಿದ್ದ. ಕಳ್ಳರೂ ಸೋಮಾರಿಗಳು. ನಾನು ಬಂದದ್ದು ಹಾಗೆ.

"ಅವಳನ್ನೇ ಯಾಕೆ ಹಿಡಿದೆ?" ಎಂದೆ. ಕಾಲು ಮೆಲ್ಲಗೆ ನೆಲದ ವೈರನ್ನು ಹುಡುಕುತ್ತಿತ್ತು.

"ನಾನೆಲ್ಲಿ ಹಿಡಿದೆ? ನೂರಾರು ಜನ ತೆರೆದ್ರು. ಪಾಸ್‌ವರ್ಡ್ ಅಂದ್ಕೂಡ್ಲೆ ಎಲ್ರೂ ಬಿಟ್ರು. ಇವಳೊಬ್ಳೇ ಟೈಪ್ ಮಾಡಿದ್ಳು." ನಕ್ಕ. "ಅವಾಗ್ಲೇ ಗೊತ್ತಾಯ್ತು... ಇವಳಿಗೆ ಅವನು ಏನಾಗ್ಬೇಕು ಅಂತ."

ವೈರನ್ನು ಒದ್ದೆ!

ಗನ್ ಸತ್ತಿತು. ಸ್ಕ್ರೂಗಳ ತಟ್ಟೆಯನ್ನು ಅವನ ಮುಖಕ್ಕೆ ಎರಚಿದೆ. ಅವನು ಫೋನ್ ಬಾಚಿಕೊಂಡು ಹಿಂಬಾಗಿಲಿಂದ ಹಾರಿದ. ನಾನೂ ಹಾರಿದೆ. ಖಾಲಿ ಗಲ್ಲಿ... ಕೋಳಿಪಂಜರಗಳು... ಒದ್ದೆ ಕಲ್ಲುಚಪ್ಪಡಿ... ಚಪ್ಪಲಿ ಎಲ್ಲೋ ಉಳಿಯಿತು.

ಅವನು ಮುಖ್ಯರಸ್ತೆಗೆ ತಿರುಗಿದ. ಗಕ್ಕನೆ ನಿಂತ.

ನಮಾಜ್ ಮುಗಿದಿತ್ತು! ರಸ್ತೆಯ ತುಂಬ ಬಿಳಿ ಟೋಪಿಗಳು.

"ಅರೆ ಗಯಾಜ್! ನಮಾಜ್‌ಗೆ ಬರ್ಲಿಲ್ವಲ್ಲೋ? ಓಡೋದೊಂದೇ ಕೆಲ್ಸನಾ?" ಎಂದು ಯಾರೋ ರೇಗಿಸಿದರು.

ನಾನು ಅವನ ಪಕ್ಕ ನಿಂತೆ. ಏದುಸಿರು. ಎದುರು ಮಸೀದಿ ಬಾಗಿಲ ನೆರಳಲ್ಲಿ ಒಬ್ಬ ಮುದುಕರು ಬಗ್ಗಿ ಚಪ್ಪಲಿ ಹುಡುಕುತ್ತಿದ್ದರು.

"ಮುನಾವರ್ ಸಾಹೇಬ್ರು," ಎಂದೆ ಪಿಸುದನಿಯಲ್ಲಿ. "ತೌಹೀದ್ ಅಪ್ಪ. ಅವರ ಮಗನ ಜನಾಜಾ ಇಟ್ಟು ನೀನು ಗಾಳ ಹಾಕಿದ್ದನ್ನ ಇಲ್ಲೇ ಹೇಳ್ಲಾ? ಜೋರಾಗಿ?"

ಗಯಾಜನ ಮುಖ ಸುಣ್ಣವಾಯಿತು. ಈ ಜನ ಕಳ್ಳತನವನ್ನು ಕ್ಷಮಿಸಿಯಾರು. ಇದನ್ನಲ್ಲ.

"ಬೇಡಕ್ಕ..."

"ಫೋನ್. ಪಾಸ್‌ವರ್ಡ್. ಬೇರೆ ಕಾಪಿ?"

"ಅಮ್ಮನಾಣೆ ಇಲ್ಲ. ಅವಳ ಅಕೌಂಟಲ್ಲೂ ಇಲ್ಲ, ಎಲ್ಲಾ ಅಳಿಸ್ಬಿಟ್ಟೆ. ಇದ್ರಲ್ಲಿ ಮಾತ್ರ."

"ಒಂದು ಫೋಟೊ ಎಲ್ಲಾದ್ರೂ ಕಂಡ್ರೆ, ನಾನು ಸೀದಾ ಮುನಾವರ್ ಸಾಹೇಬ್ರ ಮನೆಗೆ ಹೋಗ್ತೀನಿ."

ಫೋನ್ ನನ್ನ ಕೈಗೆ ಬಂತು. ಗೆದ್ದೆ ಅಂದುಕೊಂಡೆ.

ಕೋಲ್ಸ್ ಪಾರ್ಕಿನ ಪಕ್ಕ ಆಟೋದಲ್ಲಿ ವಾಜಿದಾ ಕಾಯುತ್ತಿದ್ದಳು. ಟೈಲರ್ ಹತ್ತಿರ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಬಂದಿದ್ದಳು. ಬುರ್ಖಾದ ತೋಳಿನಿಂದ ಮೆಹಂದಿಯ ಬೆರಳುಗಳು ಹೊರಬಂದವು.

"ಒಂದ್ಸಲ ನೋಡ್ಲಾ ಅಕ್ಕ?"

ಹಲಸೂರು ಕೆರೆಯ ಕಟ್ಟೆ. ಜೋಳ ಕಚ್ಚುತ್ತಿರುವ ಹುಡುಗ.

"ಪ್ರತೀ ಫೋಟೊದಲ್ಲೂ ಕಣ್ಣು ಮುಚ್ತಾನೆ, ದಿವಾನಾ!" ಎಂದು ನಕ್ಕಳು. ಆ ನಗು ಅರ್ಧಕ್ಕೇ ನಿಂತಿತು. "ಬೇರೆಲ್ಲೂ ಇಲ್ವಾ?"

"ಇಲ್ಲ. ಇವೇ ಕೊನೇವು."

ತೆರೆಯ ಮೇಲಿನ ಆ ಮುಖವನ್ನು ಹೆಬ್ಬೆರಳಿಂದ ಸವರಿದಳು.

"ಒಂದೇ ಒಂದು... ನಿಮ್ಮ ಹತ್ರ ಇಟ್ಕೊಳ್ತೀರಾ?"

ಹೂಂ ಅನ್ನಬಹುದಿತ್ತು. ಆದರೆ ನನ್ನದು ಹೆದರುವ ಜೀವ. ಯಾವ ಬಾಗಿಲು ಯಾರಿಗೆ ತೆರೆದಿರುತ್ತದೆಂದು ದಿನವಿಡೀ ನೋಡುವವಳು.

"ನನ್ನ ಫೋನಿಗೂ ಯಾರಾದ್ರೂ ಕನ್ನ ಹಾಕ್ಬಹುದು, ವಾಜಿದಾ."

ತಲೆಯಾಡಿಸಿದಳು. ಅಳಿಸಲು ನನಗೆ ಬಿಡಲಿಲ್ಲ. ಒಂದೊಂದನ್ನೂ ಪೂರ್ತಿ ನೋಡಿ, ತನ್ನ ಬೆರಳಿಂದ ತಾನೇ ಒತ್ತಿದಳು. ಕೊನೆಯದಾದ ಮೇಲೆ ಖಾಲಿ ತೆರೆಯನ್ನೂ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಆಟೋದವನಿಗೆ, "ಚಲೋ ಭಾಯ್," ಎಂದಳು.

ಜಮಾತ್ ವೆಬ್‌ಸೈಟ್ ನೋಡಿಕೊಳ್ಳುವ ಸೈಫ್‌ಗೆ ಫೋನ್ ಮಾಡಿದೆ. ಸರ್ವರಿನ ಹೊಸ ಆವೃತ್ತಿಯಲ್ಲಿ ಆ ಎರಡು ಗೀಟಿನ ತೂತನ್ನು ಮುಚ್ಚಿದ್ದಾರೆ, ಇವತ್ತೇ ಹಾಕು ಅಂದೆ.

"ಹಾಕ್ತೀನಿ ಮೇಡಂ. ಯಾಕೆ, ಯಾರಿಗಾದ್ರೂ ಏನಾದ್ರೂ ಆಯ್ತಾ?"

ಸಂಜೆಯ ನಿಕಾಹ್ ನೆನಪಾಯಿತು. ಚಪ್ಪಲಿ ಹುಡುಕುತ್ತಿದ್ದ ಮುದುಕರು ನೆನಪಾದರು. ಈ ಮಾತು ಯಾರ ಕಿವಿಗೂ ಬೀಳಬಾರದು ಅಂದುಕೊಂಡೆ.

"ಯಾರಿಗೂ ಏನೂ ಆಗಿಲ್ಲ," ಎಂದೆ.

"ಮತ್ತೆ ಕಮಿಟಿಗೆ ಕಾರಣ ಏನಂತ ಬರೀಲಿ?"

ಹುಡುಗಿಯೊಬ್ಬಳು ಆಟೋದಲ್ಲಿ ಕೂತು ತನ್ನವನನ್ನು ಮಣ್ಣು ಮಾಡಿದ್ದಳು. ಈ ಸಲ ಅವಳ ಕೈಯಿಂದಲೇ.

"ರೊಟೀನ್ ಅಪ್‌ಡೇಟ್ ಅಂತ ಬರಿ."