ಅಗಸಿಮನೆಯವರು ಉಂಡ ಉಪ್ಪು

"ಆ ಮುದುಕಿ ಕೈಯಾಗಿನ ಉಪ್ಪು ಮಾತ್ರ ತಿನ್ನಬ್ಯಾಡೋ ಬಾಬು," ಎಂದ ಕೂಲಿಯವರ ಮುಕಾದಮ ಗುರಣ್ಣ. ಆತನ ದನಿ ತಗ್ಗಿತ್ತು.

ಪುಣೆಯ ಮಗರಪಟ್ಟಾದಲ್ಲಿ ಏಳುತ್ತಿದ್ದ ಕಟ್ಟಡಕ್ಕೆ ಬಾಬು ಗೌಂಡಿ ಕೆಲಸಕ್ಕೆ ಬಂದು ವಾರವಾಗಿರಲಿಲ್ಲ. ಹುಟ್ಟಿ ಬೆಳೆದದ್ದು ಪುಣೆಯದೇ ಖಡಕಿಯಲ್ಲಿ. ಭೀಮಾ ದಂಡೆಯ ಹಿರಿಯರ ಊರಲ್ಲಿ ಅಗಸಿಮನೆಗೂ ಬುರುಜಿನ ಮನೆಗೂ ತಲೆಮಾರುಗಟ್ಟಲೆ ನಡೆದ ಕಡಿದಾಟ ಅವನಿಗೆ ಬರೀ ಕತೆ. ಅವನಜ್ಜ, ಅಗಸಿಮನೆಯ ಮಾರ್ತಾಂಡ, ರಾಜಿಯಾಗೋಣವೆಂದು ಬುರುಜಿನ ಮನೆಗೆ ಹೋಗಿ ಉಂಡ. ಉಂಡ ಕೈ ಆರುವ ಮೊದಲೇ, ಬಡಿಸಿದವಳ ಗಂಡನನ್ನೂ ಮಗನನ್ನೂ ಕಡಿದ. ಅವಳ ಮಾತಿಗೆ ಊರಲ್ಲಿ ಬೇರೆ ಸಾಕ್ಷಿ ಸಿಗಲಿಲ್ಲ, ಮಾರ್ತಾಂಡ ಮುದುಕನಾಗಿ ಹಾಸಿಗೆಯಲ್ಲೇ ಸತ್ತ.

ಬಡಿಸಿದವಳು ಹುಲಿಗೆವ್ವ. ಅಂದಿನಿಂದ ಅವಳು ಉಪ್ಪು ಮುಟ್ಟಿದ್ದಿಲ್ಲ. ಆ ದಿನದ ಉಪ್ಪಿನ ಗಡಿಗೆಯನ್ನು ಮಂತ್ರಿಸಿ, ಬಾಯಿ ಕಟ್ಟಿ, ಹೋದಲ್ಲೆಲ್ಲ ಹೊತ್ತು ತಿರುಗಿದಳು. ಈಗ ಇಲ್ಲಿ ಅಡುಗೆಯವಳು. ಉಪ್ಪಿಲ್ಲದ ಅವಳ ಪಲ್ಯಕ್ಕೆ ಕೂಲಿಯವರೆಲ್ಲ ತಮ್ಮ ತಮ್ಮ ಉಪ್ಪು ಹಾಕಿಕೊಂಡು ಉಣ್ಣುತ್ತಿದ್ದರು.

"ಪುಣ್ಯಾದಾಗ ಯಾವ ಅಗಸಿ, ಯಾವ ಬುರುಜು ಕಾಕಾ? ಹಸಿವಾಗೇದ," ಎಂದು ನಕ್ಕು ಬಾಬು ನೆಲಮಾಳಿಗೆಗೆ ಇಳಿದ.

ನಡುಮಧ್ಯಾಹ್ನವೂ ಅಲ್ಲಿ ಕತ್ತಲು. ಹಸಿ ಸಿಮೆಂಟಿನ ವಾಸನೆ. ಎಲ್ಲೋ ನೀರು ತೊಟ್ಟಿಕ್ಕುವ ಸದ್ದು. ಹುಲಿಗೆವ್ವ ರೊಟ್ಟಿ ಬಡಿಯುತ್ತಿದ್ದಳು. ಬಡಿತ ನಿಂತಿತು.

"ಯಾರ ಪೈಕಿ ತಮ್ಮಾ?"

ಸುಳ್ಳು ಹೇಳಬಹುದಿತ್ತು. "ಅಗಸಿಮನಿ ಮಾರ್ತಾಂಡನ ಮೊಮ್ಮಗ. ಏನಬೇ, ಮಾಟ ಮಾಡ್ತಿ?"

"ನಿಮ್ಮಜ್ಜ ಮಾಡಿದ್ದು ತಪ್ಪು ಅಂತ ಒಂದು ಮಾತು ಅನ್ನು. ಸಪ್ಪನ ಪಲ್ಯ ಹಾಕ್ತೀನಿ, ಹೊಟ್ಟಿ ತುಂಬ ಉಣ್ಣು."

"ನಮ್ಮಜ್ಜ ಗಂಡಸು. ಉಪ್ಪು ಹಾಕಬೇ, ಜಿಪುಣಿ!"

ಹುಲಿಗೆವ್ವ ಗಡಿಗೆಯ ಬಟ್ಟೆ ಬಿಚ್ಚಿದಳು. ಹಳೆಯ ನೆತ್ತರಿನ ನಾತ ಬಂತು. ಬೂದು ಹರಳುಗಳನ್ನು ಪಲ್ಯದ ಮೇಲೆ ಉದುರಿಸಿದಳು. ಬಾಬು ಬೆರಳು ನೆಕ್ಕುತ್ತ ಉಂಡ.

ಮೊದಲು ನಾಲಿಗೆ ಚುರುಗುಟ್ಟಿತು. ಆಮೇಲೆ ಗಂಟಲು. ತಂಬಿಗೆ ಎತ್ತಿದ. ನೀರು ಉಪ್ಪು. ಕೊಡ ಬಗ್ಗಿಸಿದ. ಉಪ್ಪು. ಮೇಲಕ್ಕೆ ಓಡಿದ. ನಲ್ಲಿಗೆ ಬಾಯಿಟ್ಟ. ಉಪ್ಪು. ಗೋಡೆಗೆ ಹೊಡೆಯುವ ನೀರಿನ ತೊಟ್ಟಿಯಲ್ಲಿ ತಲೆ ಮುಳುಗಿಸಿದ. ಕುಡಿದಷ್ಟೂ ದಾಹ. ತುಟಿ ಒಡೆಯಿತು. ನಾಲಿಗೆ ಕಟ್ಟಿಗೆಯಾಯಿತು. ಗುರಣ್ಣ ರಟ್ಟೆ ಹಿಡಿದು ಎಳೆದ. ಚರ್ಮದ ಮೇಲೆಲ್ಲ ಬಿಳಿ ಪುಡಿ ಏಳುತ್ತಿತ್ತು.

ತಪ್ಪಾಯಿತು ಎನ್ನಲು ಬಾಬು ಬಾಯಿ ತೆರೆದ. ದನಿ ಬರಲಿಲ್ಲ.

ಹುಲಿಗೆವ್ವ ಗಡಿಗೆ ಹಿಡಿದು ಬಂದು ಅವನೆದುರು ಕುಕ್ಕರಗಾಲಲ್ಲಿ ಕೂತಳು. "ನಿಮ್ಮಜ್ಜನೂ ಹಿಂಗಽ ಬೆರಳು ನೆಕ್ಕಿ ಉಂಡಿದ್ದ," ಎಂದಳು.

ಮಂಜಾಗುತ್ತಿದ್ದ ಅವನ ಕಣ್ಣಿಗೆ ಕಂಡದ್ದು ಇಷ್ಟೇ. ಮುದುಕಿ ಗಡಿಗೆಯ ತಳದಲ್ಲಿ ಉಳಿದ ಹರಳನ್ನು ತನ್ನ ನಾಲಿಗೆಯ ಮೇಲಿಟ್ಟುಕೊಂಡಳು. ಚಪ್ಪರಿಸಿದಳು. ಹುಬ್ಬು ಗಂಟಿಕ್ಕಿದಳು. ಮತ್ತೆ ಚಪ್ಪರಿಸಿದಳು.

"ಸಪ್ಪಗ ಅದ ಅಲ್ಲೋ, ಗುರಣ್ಣಾ."